ಸೈಲೆನ್ಸರ್ ಬದಲಿಸಿದ ಮೇಲೆ ಗಾಡಿ ಪಟಪಟ ಸಿಡಿಯುತ್ತಿದೆ, ಎಫ್‌ಐ ಟ್ಯೂನಿಂಗ್ ಮಾಡಿಸಲೇಬೇಕಾ?

ಪ್ರಶ್ನೆ: ನನ್ನದು 2021ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್, ಬಿಎಸ್6 (ಹೊಗೆ ಮಿತಿಯ ನಿಯಮ) ಗಾಡಿ. ಮನೆ ವಿರಾಜಪೇಟೆ ಹತ್ತಿರ, ಕೆಲಸ ಮಡಿಕೇರಿಯಲ್ಲಿ. ದಿನಾ ಹೋಗಿ ಬರುತ್ತೇನೆ. ಮೂರು ತಿಂಗಳ ಹಿಂದೆ ಹೊರಗಿನ ಸೈಲೆನ್ಸರ್ ಹಾಕಿಸಿದೆ. ಜೊತೆಗೆ ಕ್ಯಾಟ್ (ಹೊಗೆ ಶುದ್ಧ ಮಾಡುವ ಕೆಟಾಲಿಟಿಕ್ ಕನ್ವರ್ಟರ್) ಇಲ್ಲದ ಬೆಂಡ್ ಪೈಪ್ (ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಪೈಪ್) ಕೂಡ ಹಾಕಿಕೊಟ್ಟರು. ಮೊದಲು ಚೆನ್ನಾಗಿಯೇ ಇತ್ತು. ಈಗ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಪಟಪಟ ಅಂತ ಸಿಡಿಯುತ್ತದೆ. ಮೂರನೇ ಗೇರಿನಲ್ಲಿ ನಿಧಾನಕ್ಕೆ ಏರು ಹತ್ತುವಾಗ ಎಳೆಯುವುದಿಲ್ಲ, ಜರ್ಕ್ ಹೊಡೆಯುತ್ತದೆ. ಮೈಲೇಜ್ 30ರಿಂದ 25ಕ್ಕೆ ಇಳಿದಿದೆ. ಒಬ್ಬ ಮೆಕ್ಯಾನಿಕ್ "ಎಂಜಿನ್ ಲೀನ್ ಆಗಿದೆ, ಟ್ಯೂನ್ ಮಾಡಿಸದಿದ್ದರೆ ಪಿಸ್ಟನ್ ಹೋಗುತ್ತೆ" ಅಂದರು. ಇನ್ನೊಬ್ಬರು ಆಕ್ಸಿಜನ್ ಸೆನ್ಸರ್ ಕಿತ್ತು ರೆಸಿಸ್ಟರ್ ಹಾಕಿದರೆ ಸಾಕು ಅಂದರು. ಸ್ನೇಹಿತ ಫ್ಯೂಯಲ್ ಮಾಡ್ಯೂಲ್ ತಗೋ ಅನ್ನುತ್ತಾನೆ. ಮುಂದಿನ ತಿಂಗಳು ಹೆಂಡತಿ ಜೊತೆ ಇದೇ ಗಾಡಿಯಲ್ಲಿ ಮಂಗಳೂರಿಗೆ ಹೋಗಬೇಕು. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಒಂದು ಸಣ್ಣ ಮಾತಿದೆ. ಆ ಮೂವರಲ್ಲಿ ಯಾರೂ ಅದಕ್ಕೆ ಕಿವಿ ಕೊಟ್ಟ ಹಾಗಿಲ್ಲ. "ಮೊದಲು ಚೆನ್ನಾಗಿಯೇ ಇತ್ತು" ಅಂತ ಬರೆದಿದ್ದೀರಿ. ನನಗೆ ಅದೇ ಮುಖ್ಯ ಅನಿಸಿತು. ಪೈಪ್ ಬದಲಿಸಿದ್ದರಿಂದ ಇಸಿಯು (ಪೆಟ್ರೋಲ್ ಎಷ್ಟು ಬಿಡಬೇಕು ಅಂತ ತೀರ್ಮಾನಿಸುವ ಗಾಡಿಯ ಕಂಪ್ಯೂಟರ್) ಲೆಕ್ಕ ತಪ್ಪಿದ್ದರೆ ಮೊದಲ ದಿನವೇ ತಪ್ಪಬೇಕಿತ್ತು, ಅಲ್ವಾ? ಇಸಿಯು ಒಳಗಿನ ಮ್ಯಾಪ್, ಅಂದರೆ ಪೆಟ್ರೋಲ್ ಲೆಕ್ಕದ ಕೋಷ್ಟಕ, ಮೂರು ತಿಂಗಳಲ್ಲಿ ಸವೆಯುವುದಿಲ್ಲ. ಸವೆಯುವುದು ಪ್ಯಾಕಿಂಗ್. ಸಡಿಲವಾಗುವುದು ನಟ್ಟು. ಬಿರುಕು ಬಿಡುವುದು ವೆಲ್ಡಿಂಗ್.

ಹಾಗಾಗಿ ನನ್ನ ಮೊದಲ ಅನುಮಾನ ಬೆಂಡ್ ಪೈಪ್ ಜಾಯಿಂಟಿನ ಮೇಲೆ. ಎಂಜಿನ್ ಹೆಡ್ಡಿಗೆ ಪೈಪ್ ಸೇರುವ ಕಡೆ, ಇಲ್ಲವೇ ಸೆನ್ಸರ್ ಕೂರುವ ಕಡೆ ಗಾಳಿ ಒಳಗೆ ಹೋಗುತ್ತಿರಬೇಕು. ಇಷ್ಟು ಸಣ್ಣ ತೂತಿನಿಂದ ಸಿಡಿತ, ಜರ್ಕ್, ಮೈಲೇಜ್ ಮೂರೂ ಕೆಡುತ್ತವಾ ಅಂತ ಕೇಳಬಹುದು. ಕೆಡುತ್ತವೆ. ಅದು ಹೇಗೆ ಅಂತ ಗೊತ್ತಾದರೆ ಉಳಿದ ಸಲಹೆಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ನೀವೇ ಹೇಳಬಲ್ಲಿರಿ.

ಎಫ್‌ಐ (ಫ್ಯೂಯಲ್ ಇಂಜೆಕ್ಷನ್) ಗಾಡಿಯಲ್ಲಿ ಪಂಪ್ ಒಂದೇ ಒತ್ತಡದಲ್ಲಿ ಪೆಟ್ರೋಲ್ ಕಳಿಸುತ್ತಿರುತ್ತದೆ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದನ್ನು ಮಾತ್ರ ಇಸಿಯು ತೀರ್ಮಾನಿಸುತ್ತದೆ. ಆ ಹೊತ್ತು ಕೆಲವೇ ಮಿಲಿಸೆಕೆಂಡ್. ಎಂಜಿನ್ ಎಷ್ಟು ಆರ್‌ಪಿಎಂನಲ್ಲಿದೆ, ಥ್ರಾಟಲ್ ಎಷ್ಟು ತೆರೆದಿದೆ, ಒಳಗೆ ಹೋಗುವ ಗಾಳಿಯ ಒತ್ತಡ ಎಷ್ಟು, ಬಿಸಿ ಎಷ್ಟು ಅಂತ ನೋಡಿ ತನ್ನ ಕೋಷ್ಟಕದಿಂದ ಒಂದು ಅಂಕಿ ತೆಗೆಯುತ್ತದೆ. ಇದನ್ನೇ ಮ್ಯಾಪ್ ಅನ್ನುವುದು.

ಆರಾಮಾಗಿ ಓಡಿಸುವಾಗ ಇಸಿಯು ಇದನ್ನು ಒಮ್ಮೆ ತಾಳೆ ನೋಡುತ್ತದೆ. ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯಲ್ಲಿ ಆಕ್ಸಿಜನ್ ಉಳಿದಿದೆಯಾ ಅಂತ ಸೆನ್ಸರ್ ನೋಡುತ್ತದೆ. ಉಳಿದಿದ್ದರೆ ಸೆನ್ಸರ್ ವೋಲ್ಟೇಜ್ 0.45ಕ್ಕಿಂತ ಕೆಳಗೆ ಇಳಿಯುತ್ತದೆ. ಅಂದರೆ ಪೆಟ್ರೋಲ್ ಕಡಿಮೆ, ಲೀನ್. ಉಳಿದಿಲ್ಲದಿದ್ದರೆ ವೋಲ್ಟೇಜ್ ಮೇಲೆ ಏರುತ್ತದೆ. ಅಂದರೆ ಪೆಟ್ರೋಲ್ ಜಾಸ್ತಿ, ರಿಚ್. ಇಸಿಯು ಒಂದೇ ಸಮನೆ ಸ್ವಲ್ಪ ಕೂಡಿಸುತ್ತಾ, ಸ್ವಲ್ಪ ಕಳೆಯುತ್ತಾ ನಡುವಿನ ಗೆರೆಯಲ್ಲಿ ಹಿಡಿದಿಡುತ್ತದೆ. ಬರೀ ಪೆಟ್ರೋಲ್ ಆದರೆ ಒಂದು ಗ್ರಾಮಿಗೆ 14.7 ಗ್ರಾಂ ಗಾಳಿ ಆ ಗೆರೆ. ಈಗ ಬಂಕಿನಲ್ಲಿ ಸಿಗುವ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಸುಮಾರು 13.5. ಆದರೆ ಎಂಜಿನ್ ತಣ್ಣಗಿದ್ದಾಗ ಮತ್ತು ನೀವು ಥ್ರಾಟಲ್ ಪೂರ್ತಿ ತಿರುವಿದಾಗ ಇಸಿಯು ಸೆನ್ಸರ್ ಮಾತು ಕೇಳುವುದಿಲ್ಲ. ಆಗ ಬರೀ ಮ್ಯಾಪ್ ನಂಬಿ ಹೋಗುತ್ತದೆ.

ಈಗ ತೂತಿನ ವಿಷಯಕ್ಕೆ ಬರೋಣ. ಪೈಪಿನೊಳಗೆ ಒತ್ತಡ ಇರುತ್ತದೆ, ಹಾಗಾಗಿ ತೂತು ಇದ್ದರೆ ಹೊಗೆ ಹೊರಗೆ ಬರುತ್ತದೆ ಅಷ್ಟೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಅರ್ಧ ಸತ್ಯ. ಹೊಗೆ ಅಲೆ ಅಲೆಯಾಗಿ ಹೋಗುತ್ತದೆ. ಪ್ರತಿ ಅಲೆಯ ಹಿಂದೆ ಒಂದು ಕ್ಷಣ ಪೈಪ್ ಒಳಕ್ಕೆ ಎಳೆಯುತ್ತದೆ. ಸಿಂಗಲ್ ಸಿಲಿಂಡರ್ ಎಂಜಿನ್ನಿನಲ್ಲಿ ಅಲೆಗಳ ನಡುವೆ ಬಿಡುವು ಜಾಸ್ತಿ, ಹಾಗಾಗಿ ಈ ಎಳೆತವೂ ಜೋರು. ಆಗ ತೂತಿನಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಸೆನ್ಸರಿಗೆ ಆ ಆಕ್ಸಿಜನ್ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. "ಲೀನ್ ಇದೆ" ಅಂತ ಇಸಿಯುಗೆ ಸುದ್ದಿ ಹೋಗುತ್ತದೆ. ಇಸಿಯು ಪೆಟ್ರೋಲ್ ಕೂಡಿಸುತ್ತದೆ. ಮತ್ತೆ ಅದೇ ಸುದ್ದಿ, ಮತ್ತೆ ಕೂಡಿಸುತ್ತದೆ. ಕೊನೆಗೆ ಎಂಜಿನ್ ರಿಚ್ ಆಗಿ ಓಡುತ್ತಿರುತ್ತದೆ. ಮೈಲೇಜ್ ಬಿತ್ತು. ಕೆಳಗಿನ ಆರ್‌ಪಿಎಂನಲ್ಲಿ ಜರ್ಕ್ ಬಂತು. ನಿಮ್ಮ ಮೆಕ್ಯಾನಿಕ್ ಹೇಳಿದ್ದಕ್ಕೆ ಇದು ಪೂರ್ತಿ ಉಲ್ಟಾ.

ಸಿಡಿತಕ್ಕೂ ಅದೇ ಗಾಳಿ ಕಾರಣ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಸಿಲಿಂಡರಿಗೆ ಹೋಗುವ ಗಾಳಿ ತುಂಬಾ ಕಡಿಮೆಯಾಗುತ್ತದೆ. ಅಷ್ಟು ಕಡಿಮೆ ಗಾಳಿ, ಪೆಟ್ರೋಲಿನ ಮಿಶ್ರಣಕ್ಕೆ ಸರಿಯಾಗಿ ಬೆಂಕಿ ಹತ್ತುವುದಿಲ್ಲ. ಇಸಿಯು ಇಂಜೆಕ್ಟರ್ ಮುಚ್ಚಿದರೂ ಇನ್‌ಟೇಕ್ ಗೋಡೆಗೆ ಅಂಟಿದ್ದ ಪೆಟ್ರೋಲ್ ಆವಿಯಾಗಿ ಒಳಗೆ ಹೋಗುತ್ತದೆ. ಇದೆಲ್ಲಾ ಉರಿಯದೆ ಬಿಸಿ ಪೈಪಿಗೆ ಬಂದು ಬೀಳುತ್ತದೆ. ಅಲ್ಲಿ ಹೊಸ ಗಾಳಿ ಸಿಕ್ಕಿದರೆ ಸಿಡಿಯುತ್ತದೆ. ಕಂಪನಿ ಪೈಪಿನಲ್ಲೂ ಇದು ಅಷ್ಟಿಷ್ಟು ನಡೆಯುತ್ತದೆ. ಅಲ್ಲಿ ಕ್ಯಾಟ್ ಮತ್ತು ದಪ್ಪ ಸೈಲೆನ್ಸರ್ ಅದನ್ನು ನುಂಗಿಬಿಡುತ್ತವೆ. ಹಾಗಾಗಿ ಅಪರೂಪಕ್ಕೆ ಒಂದೆರಡು ಸಲ ಪಟ್ ಅಂದರೆ ಚಿಂತೆ ಬೇಡ. ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತಿದ್ದರೆ ಮಾತ್ರ ತೂತು ಹುಡುಕಬೇಕು.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಎಫ್‌ಐ ಗಾಡಿಗಳು ನಮ್ಮ ಕಡೆ ಹೊಸದಾಗಿ ಬರುತ್ತಿದ್ದ ಕಾಲ. ಸೋಮವಾರಪೇಟೆ ಕಡೆಯ ಒಬ್ಬ ಹುಡುಗ ಇದೇ ತೊಂದರೆ ಅಂತ ಗಾಡಿ ತಂದ. ನಾನು ಸಿಡಿತ ಕೇಳಿದ ಕೂಡಲೇ ಲೀನ್ ಅಂತ ತೀರ್ಮಾನ ಮಾಡಿದೆ. ಮಾಡ್ಯೂಲ್ ಹಾಕಿ ಪೆಟ್ರೋಲ್ ಜಾಸ್ತಿ ಮಾಡಿಕೊಟ್ಟೆ. ಒಂದು ವಾರ ಸರಿ ಅನಿಸಿತು. ಆಮೇಲೆ ಪ್ಲಗ್ ಮಸಿ ಹಿಡಿದು ಗಾಡಿ ದಾರಿಯಲ್ಲೇ ನಿಂತಿತು. ಬಿಚ್ಚಿ ನೋಡಿದರೆ ಬೆಂಡ್ ಪೈಪಿನ ಪ್ಯಾಕಿಂಗ್ ಒಂದು ಕಡೆ ತಿಂದು ಹೋಗಿತ್ತು. ಅವನ ಮಾಡ್ಯೂಲ್ ದುಡ್ಡು ವಾಪಸ್ ಕೊಟ್ಟೆ. ಅಂದಿನಿಂದ ಪೈಪ್ ಜಾಯಿಂಟ್ ಪರೀಕ್ಷೆ ಮಾಡದೆ ಟ್ಯೂನಿಂಗ್ ಮಾತೇ ಎತ್ತುವುದಿಲ್ಲ.

ಪರೀಕ್ಷೆ ಕಷ್ಟವಿಲ್ಲ. ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾಡಿ. ಊದುವ ಬ್ಲೋವರ್ ಇದ್ದರೆ ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಹಿಡಿದು ಗಾಳಿ ಬಿಡಿ. ಹೆಡ್ಡಿನ ಜಾಯಿಂಟ್, ಸೆನ್ಸರ್ ಬುಡ, ಬೆಂಡ್ ಪೈಪ್ ಸೈಲೆನ್ಸರಿಗೆ ಸೇರುವ ಕಡೆ, ವೆಲ್ಡಿಂಗ್ ಗೆರೆಗಳು, ಎಲ್ಲಕ್ಕೂ ಸೋಪಿನ ನೀರು ಹಾಕಿ. ಗುಳ್ಳೆ ಬಂದ ಕಡೆ ತೂತು. ಬ್ಲೋವರ್ ಇಲ್ಲದಿದ್ದರೆ ಟಾರ್ಚ್ ಹಿಡಿದು ನೋಡಿ. ಜಾಯಿಂಟ್ ಸುತ್ತ ಕಪ್ಪು ಮಸಿ ಚಿಮ್ಮಿದ ಗುರುತಿದ್ದರೆ ಅದೇ ಸಾಕ್ಷಿ. ಜೊತೆಗೆ ಪ್ಲಗ್ ಬಿಚ್ಚಿ ನೋಡಿ. ಒಣ ಕರಿ ಮಸಿ ಇದ್ದರೆ ರಿಚ್. ಅಲ್ಲಿಗೆ "ಲೀನ್" ಕಥೆ ಮುಗಿಯಿತು.

ನಮ್ಮ ಮಳೆಗಾಲದ ಬಗ್ಗೆಯೂ ಒಂದು ಮಾತು. ಜೂನಿನಿಂದ ನಾಲ್ಕು ತಿಂಗಳು ಕಾದ ಬೆಂಡ್ ಪೈಪಿಗೆ ತಣ್ಣೀರು ಹೊಡೆಯುತ್ತಲೇ ಇರುತ್ತದೆ. ಹಿಗ್ಗಿ ಕುಗ್ಗಿ ನಟ್ಟು ಸಡಿಲವಾಗುತ್ತದೆ. ಸೆನ್ಸರ್ ವೈರಿನ ಕನೆಕ್ಟರಿಗೂ ನೀರು ಹೋಗಿ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ. ಬಯಲುಸೀಮೆಯ ಗಾಡಿಯಲ್ಲಿ ಇದನ್ನು ಅಷ್ಟಾಗಿ ನೋಡುವುದಿಲ್ಲ. ನಾನು ಇಲ್ಲಿ ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಕನೆಕ್ಟರ್ ಬಿಚ್ಚಿ, ಒರೆಸಿ, ಒಣಗಿಸಿ ಹಾಕಿಸಿ.

ಏರಿನಲ್ಲಿ ಎಳೆಯುವುದಿಲ್ಲ ಅಂದಿರಲ್ಲ, ಅದರಲ್ಲಿ ಒಂದು ಪಾಲು ಈ ತೂತಿನದು. ಇನ್ನೊಂದು ಪಾಲು ಹೊಸ ಬೆಂಡ್ ಪೈಪಿನದು. ಪ್ಯಾಕಿಂಗ್ ಹಾಕಿದರೂ ಅದು ಹೋಗುವುದಿಲ್ಲ. ಎಂಜಿನ್ನಿಗೆ ಬ್ಯಾಕ್ ಪ್ರೆಶರ್ (ಹೊರಹೋಗುವ ಹೊಗೆಗೆ ಎದುರು ಒತ್ತಡ) ಬೇಕು ಅಂತ ಎಲ್ಲರೂ ಹೇಳುತ್ತಾರೆ. ಬ್ಯಾಕ್ ಪ್ರೆಶರ್ ಯಾವ ಎಂಜಿನ್ನಿಗೂ ಬೇಡ. ಬೇಕಾಗಿರುವುದು ಹೊಗೆಯ ವೇಗ. ಮತ್ತೆ ಆ ಎಳೆತದ ಅಲೆ ಸರಿಯಾದ ಕ್ಷಣಕ್ಕೆ ವಾಲ್ವಿನ ಹತ್ತಿರ ಬಂದು ಮುಟ್ಟಬೇಕು. ಪೈಪಿನ ಉದ್ದ, ಅಗಲ ನೋಡಿ ಕಂಪನಿಯವರು ಅದನ್ನು ಒಂದು ಆರ್‌ಪಿಎಂಗೆ ಹೊಂದಿಸಿರುತ್ತಾರೆ. ನಿಮ್ಮ ಗಾಡಿಯ 32 ಎನ್‌ಎಂ ಟಾರ್ಕ್ ಸಿಗುವುದು 4,000ದಿಂದ 4,500ರ ನಡುವೆ. ಘಾಟಿ ಹತ್ತಲಿ ಅಂತಲೇ ಹಾಗೆ ಮಾಡಿದ್ದು. ಅಗಲ ಪೈಪ್ ಹಾಕಿದರೆ ಕೆಳಗಿನ ಆರ್‌ಪಿಎಂನಲ್ಲಿ ಹೊಗೆ ನಿಧಾನವಾಗುತ್ತದೆ, ಎಳೆತ ಕುಂದುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಲಾಭ ಸಿಗಬಹುದು. ಆದರೆ ವಿರಾಜಪೇಟೆ–ಮಡಿಕೇರಿ ರಸ್ತೆಯ ತಿರುವುಗಳಲ್ಲಿ 6,000 ಆರ್‌ಪಿಎಂ ಎಲ್ಲಿ ಮುಟ್ಟುತ್ತೀರಿ? ನಿಮಗೆ ಬೇಕಾದ ಕಡೆ ಕಳೆದುಕೊಂಡು ಬೇಡದ ಕಡೆ ಗಳಿಸಿದ ಹಾಗಾಯಿತು. ಶಬ್ದ ಜಾಸ್ತಿ ಆದ್ದರಿಂದ ಪವರ್ ಜಾಸ್ತಿ ಅನಿಸುತ್ತದೆ, ಅಷ್ಟೇ.

ಹಾಗಾಗಿ ಕಂಪನಿಯ ಬೆಂಡ್ ಪೈಪ್ ಮನೆಯಲ್ಲಿದ್ದರೆ ಅದನ್ನೇ ವಾಪಸ್ ಹಾಕಿಸಿ. ಇದು ನನ್ನ ಗಟ್ಟಿ ಸಲಹೆ. ಸೈಲೆನ್ಸರ್ ಬೇಕೇ ಬೇಕು ಅಂದರೆ ಅದನ್ನು ಮಾತ್ರ ಇಟ್ಟುಕೊಳ್ಳಿ, ಒಳಗಿನ ಡಿಬಿ ಕಿಲ್ಲರ್ (ಶಬ್ದ ತಗ್ಗಿಸುವ ತುಂಡು) ತೆಗೆಯಬೇಡಿ. ಬರೀ ಸೈಲೆನ್ಸರ್ ಬದಲಾದರೆ ಹೊಗೆಯ ದಾರಿಯಲ್ಲಿ ಆಗುವ ವ್ಯತ್ಯಾಸ ಕಡಿಮೆ. ಅದನ್ನು ಇಸಿಯು ತಾನೇ ಸರಿದೂಗಿಸಿಕೊಳ್ಳುತ್ತದೆ. ಟ್ಯೂನಿಂಗ್ ಬೇಡ. ಕೆಲವು ಹೊರಗಿನ ಬೆಂಡ್ ಪೈಪುಗಳಲ್ಲಿ ಸೆನ್ಸರ್ ಕೂರುವ ಜಾಗ ತುಂಬಾ ಕೆಳಗಿರುತ್ತದೆ. ಸೆನ್ಸರ್ ಚೆನ್ನಾಗಿ ಬಿಸಿಯಾಗದೆ ಸರಿಯಾಗಿ ಓದುವುದಿಲ್ಲ. ಕಂಪನಿ ಪೈಪಿಗೆ ಮರಳಿದರೆ ಆ ತಲೆನೋವೂ ತಪ್ಪುತ್ತದೆ.

ಇನ್ನು ರೆಸಿಸ್ಟರ್. ದಯವಿಟ್ಟು ಬೇಡ. ಸೆನ್ಸರ್ ಕಿತ್ತರೆ ಇಸಿಯುಗೆ ಕಣ್ಣು ಕಟ್ಟಿದ ಹಾಗೆ. ಯಾವಾಗಲೂ ಮ್ಯಾಪ್ ನಂಬಿಯೇ ಓಡುತ್ತದೆ, ಚೆಕ್ ಎಂಜಿನ್ ಲೈಟ್ ಉರಿಯಬಹುದು, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಪವರ್ ಚಿಪ್ ಅಂತ ಕಡಿಮೆ ಬೆಲೆಗೆ ಮಾರುವ ಇನ್ನೊಂದು ರೆಸಿಸ್ಟರ್ ಇದೆ. ಅದನ್ನು ಗಾಳಿಯ ಬಿಸಿ ಅಳೆಯುವ ಸೆನ್ಸರಿನ ವೈರಿಗೆ ಹಾಕುತ್ತಾರೆ. ಗಾಳಿ ಇರುವುದಕ್ಕಿಂತ ತಣ್ಣಗಿದೆ ಅಂತ ಇಸಿಯುಗೆ ಸುಳ್ಳು ಹೇಳುವುದು ಅದರ ಕೆಲಸ. ತಣ್ಣನೆ ಗಾಳಿ ದಟ್ಟ, ಹಾಗಾಗಿ ಇಸಿಯು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಡಿಸೆಂಬರಿನ ಮಡಿಕೇರಿ ಚಳಿಯಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಈ ಸುಳ್ಳು ಸೇರಿದರೆ ಪ್ಲಗ್ ಒದ್ದೆಯಾಗುತ್ತದೆ. ಬಿಸಿಯಾದ ಮೇಲೆ ಆಕ್ಸಿಜನ್ ಸೆನ್ಸರ್ ಆ ಸುಳ್ಳನ್ನು ಹಿಡಿದು ವಾಪಸ್ ಕಳೆಯುತ್ತದೆ. ಸುಮ್ನೆ ದುಡ್ಡು ದಂಡ.

ನಿಮ್ಮ ಸ್ನೇಹಿತ ಹೇಳಿದ ಮಾಡ್ಯೂಲ್ ಬೇರೆ ವಿಷಯ. ಅದು ಮೋಸವಲ್ಲ. ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನವರ ಫ್ಯೂಯಲ್‌ಎಕ್ಸ್, ಪವರ್‌ಟ್ರಾನಿಕ್ ಇಂಥವನ್ನು ನಮ್ಮ ಕಡೆಯೂ ಹಾಕಿಸಿಕೊಂಡವರಿದ್ದಾರೆ. ಮಾಡ್ಯೂಲ್ ಇಸಿಯು ಮತ್ತು ಇಂಜೆಕ್ಟರ್ ನಡುವೆ ಕೂತು ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಹಿಗ್ಗಿಸುತ್ತದೆ. ಒಂದು ವಿಷಯ ಗೊತ್ತಿರಲಿ. ಸೆನ್ಸರ್ ಕೆಲಸ ಮಾಡುತ್ತಿರುವ ಕಡೆ ಮಾಡ್ಯೂಲ್ ಒಂದು ಚಮಚ ಕೂಡಿಸಿದರೆ ಇಸಿಯು ಒಂದು ಚಮಚ ಕಳೆಯುತ್ತದೆ. ಅದಕ್ಕೇ ಕೆಲವು ಮಾಡ್ಯೂಲುಗಳು ಸೆನ್ಸರ್ ವೈರನ್ನೂ ತಮ್ಮ ಕೈಗೆ ತೆಗೆದುಕೊಳ್ಳುತ್ತವೆ. ಪೂರ್ತಿ ಪೈಪ್, ಏರ್ ಫಿಲ್ಟರ್ ಎರಡೂ ಬದಲಿಸಿ, ಜೋರಾಗಿ ಓಡಿಸುವವರಿಗೆ ಮಾಡ್ಯೂಲ್ ಅಗತ್ಯ ಬೀಳುತ್ತದೆ. ಆದರೆ ಹಾಕಿದ ಮೇಲೆ ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟು ಅಳೆಯಲೇಬೇಕು. ಗಾಡಿಯ ಸೆನ್ಸರ್ ರಿಚ್ ಅಥವಾ ಲೀನ್ ಅಂತ ಮಾತ್ರ ಹೇಳುತ್ತದೆ. ಎಷ್ಟು ಅಂತ ಹೇಳುವುದು ವೈಡ್‌ಬ್ಯಾಂಡ್. ಪೂರ್ತಿ ಥ್ರಾಟಲಿನಲ್ಲಿ ಲ್ಯಾಂಬ್ಡಾ (ಆ ನಡುವಿನ ಗೆರೆಯನ್ನು 1 ಅಂತ ಹಿಡಿದ ಅಳತೆ, ಅದಕ್ಕಿಂತ ಕಡಿಮೆ ಅಂದರೆ ರಿಚ್) 0.86ರಿಂದ 0.90 ಸಿಕ್ಕಿದರೆ ಏರ್ ಕೂಲ್ಡ್ ಎಂಜಿನ್ನಿಗೆ ಒಳ್ಳೆಯದು. ಆರಾಮ ಓಟದಲ್ಲಿ 1ರ ಆಸುಪಾಸು ಇರಲಿ. ಅಂಕಿಯನ್ನು ಲ್ಯಾಂಬ್ಡಾದಲ್ಲೇ ತೋರಿಸಿ ಅಂತ ಕೇಳಿ. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ 14.7ರ ಲೆಕ್ಕ ಹಿಡಿದರೆ ದಾರಿ ತಪ್ಪುತ್ತದೆ. ಕಿವಿಯಲ್ಲಿ ಕೇಳಿ ಟ್ಯೂನ್ ಮಾಡುತ್ತೇನೆ ಅನ್ನುವವರ ಕೈಗೆ ಎಫ್‌ಐ ಗಾಡಿ ಕೊಡಬೇಡಿ. ಇಗ್ನಿಷನ್ ಟೈಮಿಂಗನ್ನಂತೂ ಮುಟ್ಟಿಸಲೇಬೇಡಿ.

ಕೊಡಗಿನವರು ಇನ್ನೊಂದು ಪ್ರಶ್ನೆ ಕೇಳಲೇಬೇಕು. "ಈ ಟ್ಯೂನಿಂಗ್ ಎತ್ತರಕ್ಕೆ ತಕ್ಕ ಹಾಗೆ ಬದಲಾಗುತ್ತದಾ?" ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸಂಪಾಜೆ ಘಾಟಿ ಇಳಿದು ಸುಳ್ಯ ಮುಟ್ಟಿದರೆ ನೂರು ಮೀಟರ್ ಆಸುಪಾಸು. ಇಷ್ಟು ಇಳಿದರೆ ಗಾಳಿಯ ಒತ್ತಡ 88ರಿಂದ 100 ಕಿಲೋಪ್ಯಾಸ್ಕಲಿಗೆ ಏರುತ್ತದೆ. ಕಂಪನಿಯ ಇಸಿಯು ಒತ್ತಡ ಅಳೆದು ಪೆಟ್ರೋಲನ್ನು ತಾನೇ ಹೊಂದಿಸುತ್ತದೆ. ಮಾಡ್ಯೂಲ್ ಆ ಲೆಕ್ಕದ ಮೇಲೆ ಇಷ್ಟು ಶೇಕಡಾ ಅಂತ ಕೂಡಿಸುವುದಾದರೆ ತೊಂದರೆ ಇಲ್ಲ. ಆದರೆ ಇಸಿಯುವನ್ನೇ ಬದಲಿಸಿ, ಬರೀ ಥ್ರಾಟಲ್ ಮತ್ತು ಆರ್‌ಪಿಎಂ ನೋಡುವ ಮ್ಯಾಪ್ ಹಾಕಿ, ಅದನ್ನು ಮಡಿಕೇರಿಯಲ್ಲಿ ಟ್ಯೂನ್ ಮಾಡಿದರೆ? ಇಲ್ಲಿ ಬೆಣ್ಣೆಯ ಹಾಗೆ ಓಡುತ್ತದೆ. ಮಂಗಳೂರಿನಲ್ಲಿ ಗಾಳಿ ದಟ್ಟ, ಬಿಸಿಲು ಜಾಸ್ತಿ, ಪೆಟ್ರೋಲ್ ಮಾತ್ರ ಮಡಿಕೇರಿಯ ಅಳತೆ. ಆಗ ಎಂಜಿನ್ ನಿಜವಾಗಿಯೂ ಲೀನ್ ಆಗುತ್ತದೆ.

ಪಿಸ್ಟನ್ ಹೋಗುವ ಭಯ ಬರಬೇಕಾದ್ದು ಅಲ್ಲಿ. ಆರಾಮ ಓಟದಲ್ಲಿ ಸ್ವಲ್ಪ ಲೀನ್ ಇದ್ದರೆ ಎಂಜಿನ್ ಸಾಯುವುದಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಲಗೇಜ್ ಕಟ್ಟಿಕೊಂಡು, ಮಧ್ಯಾಹ್ನದ ಬಿಸಿಲಲ್ಲಿ ಪೂರ್ತಿ ಥ್ರಾಟಲ್ ತಿರುವಿ ಘಾಟಿ ಹತ್ತುವಾಗ ಲೀನ್ ಇದ್ದರೆ ಸಾಯುತ್ತದೆ. ಮೊದಲು ಟಾಪಿನಿಂದ ಕಟಕಟ ಅಂತ ಸಣ್ಣ ಲೋಹದ ಶಬ್ದ ಬರುತ್ತದೆ. ಹೆಲ್ಮೆಟ್ ಒಳಗೆ, ಅದರಲ್ಲೂ ಸೈಲೆನ್ಸರ್ ಗಲಾಟೆಯಲ್ಲಿ, ಅದು ಕೇಳಿಸುವುದೇ ಇಲ್ಲ. ಎಕ್ಸಾಸ್ಟ್ ವಾಲ್ವ್ ಸುಟ್ಟ ಮೇಲೆ ಗೊತ್ತಾಗುತ್ತದೆ. ಬೆಂಡ್ ಪೈಪ್ ನೀಲಿ ಬಣ್ಣ ಆಯಿತು ಅಂತ ಹೆದರುವವರೂ ಇದ್ದಾರೆ. ತೆಳು ಸ್ಟೀಲ್ ಪೈಪ್ ಬಿಸಿಗೆ ನೀಲಿ ಆಗುವುದು ಸಹಜ. ಬರೀ ಅದನ್ನು ನೋಡಿ ಏನೂ ಹೇಳಲು ಬರುವುದಿಲ್ಲ.

ಕಾನೂನಿನ ವಿಷಯವನ್ನೂ ಹೇಳಿಬಿಡುತ್ತೇನೆ. ಕ್ಯಾಟ್ ತೆಗೆದ ಬಿಎಸ್6 ಗಾಡಿಯನ್ನು ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಹೊಗೆ, ಶಬ್ದದ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಲೈಸೆನ್ಸ್ ಕೂಡ ಮೂರು ತಿಂಗಳು ಹೋಗುತ್ತದೆ. ದಂಡಕ್ಕಿಂತ ನನಗೆ ಬೇರೆ ಚಿಂತೆ ಇದೆ. ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆ ಸಂಜೆಯಾದರೆ ತೋಟದ ಬೇಲಿ ಪಕ್ಕದಲ್ಲೇ ಆನೆ ನಿಂತಿರುತ್ತದೆ. ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ನಿಮ್ಮ ಸೈಲೆನ್ಸರ್ ಗುಂಡು ಹಾರಿಸಿದ ಹಾಗೆ ಸಿಡಿದರೆ ಆನೆ ಯಾವ ಕಡೆ ನುಗ್ಗುತ್ತದೆ ಅಂತ ಯಾರು ಹೇಳುತ್ತಾರೆ? ನೀವು ಮುಂದೆ ಹೋಗಿಬಿಟ್ಟಿರುತ್ತೀರಿ. ಹಿಂದೆ ಕೆಲಸ ಮುಗಿಸಿ ಲೈನ್ ಮನೆಗೆ ನಡೆದು ಹೋಗುತ್ತಿರುವವರು ಇರುತ್ತಾರೆ.

ಮಂಗಳೂರಿಗೆ ಹೋಗಬಹುದಾ ಅಂದರೆ, ಹೋಗಬಹುದು. ಇನ್ನೂ ಒಂದು ತಿಂಗಳಿದೆ. ಕಂಪನಿ ಬೆಂಡ್ ಪೈಪ್ ವಾಪಸ್ ಹಾಕಿಸಿ, ಹೆಡ್ಡಿಗೆ ಹೊಸ ಪ್ಯಾಕಿಂಗ್ ಕೊಡಿ. ಹಳೆಯದನ್ನು ಮತ್ತೆ ಬಳಸಬೇಡಿ, ಹೊಸದರ ಬೆಲೆ ಒಂದು ಟ್ಯಾಂಕ್ ಪೆಟ್ರೋಲಿಗಿಂತ ತುಂಬಾ ಕಡಿಮೆ. ಪ್ಲಗ್ ಬದಲಿಸಿ, ಏರ್ ಫಿಲ್ಟರ್ ನೋಡಿಸಿ, ಸ್ಕ್ಯಾನರ್ ಹಾಕಿ ಫಾಲ್ಟ್ ಕೋಡ್ ಇದೆಯಾ ಅಂತ ಓದಿಸಿ. ಅಷ್ಟು ದಿನ ರಿಚ್ ಕಡೆ ಕಲಿತ ಲೆಕ್ಕವನ್ನು ಬಿಟ್ಟು ಹೊಸದಾಗಿ ಹೊಂದಿಕೊಳ್ಳಲು ಇಸಿಯುಗೆ ಸ್ವಲ್ಪ ಓಟ ಬೇಕು. ಎರಡು ಸಲ ಟ್ಯಾಂಕ್ ತುಂಬಿಸುವಷ್ಟು ಓಡಿಸಿ, ಮೈಲೇಜ್ ಬರೆದಿಡಿ. 30ರ ಹತ್ತಿರ ಬಂದು, ಏರಿನಲ್ಲಿ ಜರ್ಕ್ ನಿಂತಿದ್ದರೆ ಇಸಿಯು ತಂಟೆಗೇ ಹೋಗಬೇಡಿ. ಆಮೇಲೂ ಜರ್ಕ್ ಉಳಿದಿದ್ದರೆ ಮಾತ್ರ ಪೆಟ್ರೋಲ್ ಪಂಪಿನ ಒತ್ತಡ, ಥ್ರಾಟಲ್ ಬಾಡಿ, ವಾಲ್ವ್ ಕ್ಲಿಯರೆನ್ಸ್ ನೋಡಿಸಿ.

ಪ್ಯಾಕಿಂಗ್ ಹಾಕಿ ನೂರು ಕಿಲೋಮೀಟರ್ ಓಡಿದ ಮೇಲೆ, ಎಂಜಿನ್ ತಣ್ಣಗಿರುವಾಗ, ಹೆಡ್ಡಿನ ಎರಡೂ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಹೊಸ ಪ್ಯಾಕಿಂಗ್ ಬಿಸಿಗೆ ಕೂತು ಸ್ವಲ್ಪ ತಗ್ಗಿರುತ್ತದೆ. ಸುಮಾರು ಗಾಡಿಗಳಲ್ಲಿ ತೂತು ಮತ್ತೆ ಶುರುವಾಗುವುದು ಈ ಕೆಲಸ ಮರೆತಾಗಲೇ.